ಕ್ಯಾಂಪರ್ ವ್ಯಾನಿನ ಗ್ಯಾಸ್ ಲೈನಿಗೆ ಪೋರ್ಟಬಲ್ ಗ್ರಿಲ್ ಜೋಡಿಸುವ ಕ್ರಮ

ವ್ಯಾನಿನೊಳಗಿನ ಒಲೆಗೆಂದು ಸಿಲಿಂಡರ್ ಇದ್ದೇ ಇರುವಾಗ, ಹೊರಗೆ ಮುಸುಕಿನ ಜೋಳವನ್ನೋ ಮೀನನ್ನೋ ಸುಡಲು ಒಯ್ಯುವ ಪುಟ್ಟ ಗ್ರಿಲ್‌ಗೆ ಬೇರೆ ಗ್ಯಾಸ್ ಡಬ್ಬಿ ಏಕೆ ಬೇಕು ಎಂದು ಕೇಳುವವರು ಬೆಂಗಳೂರಿನಲ್ಲಿ ಈಗ ಹೆಚ್ಚಾಗಿದ್ದಾರೆ. ಟೆಂಪೋ ಟ್ರಾವೆಲರ್‌ಗಳನ್ನು ಕ್ಯಾಂಪರ್ ಆಗಿ ಮಾರ್ಪಡಿಸಿಕೊಂಡವರು ಇದ್ದಾರೆ, ವಾರಾಂತ್ಯಕ್ಕೆ ಬಾಡಿಗೆಗೆ ತೆಗೆದುಕೊಂಡು ಸಕಲೇಶಪುರದ ಕಡೆಗೋ ಚಿಕ್ಕಮಗಳೂರಿನ ಕಡೆಗೋ ಹೊರಡುವವರೂ ಇದ್ದಾರೆ. ಅಮೆರಿಕದಿಂದ ಬಂದ ನೆಂಟರು ತಂದುಕೊಟ್ಟ ಗ್ರಿಲ್ ಒಂದು ಅಟ್ಟದ ಮೇಲೆ ಕುಳಿತಿರುವುದೂ ಅಪರೂಪವಲ್ಲ. ಆ ಗ್ರಿಲ್ಲನ್ನು ವ್ಯಾನಿನ ಲೈನಿಗೆ ಜೋಡಿಸಬಹುದು. ಆದರೆ ಸಿಕ್ಕಿದ ಪೈಪಿನಿಂದ ಸಿಕ್ಕಿದ ಹಾಗೆ ಜೋಡಿಸಿದರೆ ಎರಡರಲ್ಲಿ ಒಂದು ಖಂಡಿತ: ಉರಿ ದೀಪದ ಬತ್ತಿಯಷ್ಟು ಸಣ್ಣಗೆ ಬಂದು ಮುಚ್ಚಳ ಹಾಕಿದೊಡನೆ ಆರಿಹೋಗುತ್ತದೆ, ಇಲ್ಲವೇ ಅಂಕೆ ಮೀರಿ ಮೇಲೇಳುತ್ತದೆ. ಮೊದಲನೆಯದು ಬರೀ ಬೇಸರ, ಎರಡನೆಯದು ಅಪಾಯ. ಸಾಮಾನ್ಯವಾಗಿ ಎರಡಕ್ಕೂ ಮೂಲ ಒಂದೇ, ಅದು ರೆಗ್ಯುಲೇಟರಿನ ಲೆಕ್ಕ ತಪ್ಪಿರುವುದು. ಸಿಲಿಂಡರಿನಿಂದ ಬರ್ನರಿನವರೆಗಿನ ದಾರಿಯಲ್ಲಿ ಗ್ಯಾಸಿನ ಒತ್ತಡ ಒಂದೇ ಒಂದು ಸಲ ಇಳಿಯಬೇಕು. ಎರಡು ಸಲ ಇಳಿಯಲೂಬಾರದು, ಒಮ್ಮೆಯೂ ಇಳಿಯದೆ ಇರಲೂಬಾರದು. ಮುಂದಿನದೆಲ್ಲವೂ ಈ ಲೆಕ್ಕದ ವಿವರಣೆಯೇ.

ಒತ್ತಡ ಎಷ್ಟು, ಎಲ್ಲಿ ಇಳಿಯುತ್ತದೆ

ಶುದ್ಧ ಪ್ರೊಪೇನ್ ತುಂಬಿದ ಸಿಲಿಂಡರಿನೊಳಗೆ 30 ಡಿಗ್ರಿ ಸೆಲ್ಸಿಯಸ್ ಬಿಸಿಲಿನಲ್ಲಿ ಸುಮಾರು 10 ಬಾರ್ ಒತ್ತಡವಿರುತ್ತದೆ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡ). ನಮ್ಮಲ್ಲಿ ಅಡುಗೆಗೆ ಸಿಗುವ ಎಲ್‌ಪಿಜಿ ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣವಾದ್ದರಿಂದ ಅದರ ಒತ್ತಡ ಇದಕ್ಕಿಂತ ಕಡಿಮೆ. ಆದರೂ ಒಲೆಗೆ ನೇರವಾಗಿ ಕೊಡುವಂಥದ್ದಂತೂ ಅಲ್ಲ. ಭಾರತದ ಮನೆಬಳಕೆಯ ಒಲೆಗಳು ಕೆಲಸ ಮಾಡುವುದು ಚದರ ಸೆಂಟಿಮೀಟರಿಗೆ 30 ಗ್ರಾಂ ಒತ್ತಡದಲ್ಲಿ, ಅಂದರೆ 30 ಸೆಂಟಿಮೀಟರ್ ಎತ್ತರದ ನೀರಿನ ಕಂಬ ತನ್ನ ಬುಡದಲ್ಲಿ ಉಂಟುಮಾಡುವಷ್ಟು ಒತ್ತಡದಲ್ಲಿ. ಸಿಲಿಂಡರಿನ ತಲೆಯ ಮೇಲೆ ಕೂರುವ ರೆಗ್ಯುಲೇಟರಿನ ಕೆಲಸ ಇಷ್ಟೇ: ಒಳಗಿನ ಒತ್ತಡ ಬಿಸಿಲಿಗೂ ಚಳಿಗೂ ಎಷ್ಟೇ ಏರಿಳಿದರೂ ಹೊರಗೆ ಈ 30 ಗ್ರಾಂ ಮಾತ್ರ ಬಿಡುವುದು.

ಅಮೆರಿಕದ ಕ್ಯಾಂಪರ್‌ಗಳಲ್ಲಿ ರೆಗ್ಯುಲೇಟರ್ ದಾಟಿದ ಮೇಲಿನ ಲೈನಿನ ಒತ್ತಡವನ್ನು 11 ಇಂಚು ನೀರಿನ ಕಂಬ ಎಂದು ಅಳೆಯುತ್ತಾರೆ. ಅದು ಸುಮಾರು 28 ಸೆಂಟಿಮೀಟರ್. ಹೀಗಾಗಿ ಅಲ್ಲಿನ ಕ್ಯಾಂಪರಿನ ಹೊರಮೈಯಲ್ಲಿ ಗ್ರಿಲ್‌ಗೆಂದು ಕೊಡುವ ಕಡಿಮೆ ಒತ್ತಡದ ಕನೆಕ್ಷನ್ನಿಗೂ ಇಲ್ಲಿನ ಮನೆ ರೆಗ್ಯುಲೇಟರ್ ದಾಟಿ ಬರುವ ಗ್ಯಾಸಿಗೂ ಒತ್ತಡದಲ್ಲಿ ಹೆಚ್ಚೇನೂ ವ್ಯತ್ಯಾಸವಿಲ್ಲ. ಯುರೋಪಿನ ಸರಕಿನಲ್ಲಿ ಮಾತ್ರ ಹುಷಾರಾಗಿರಬೇಕು. ಅಲ್ಲಿನ ಅಳತೆ ಮಿಲಿಬಾರ್, ಒಂದು ಮಿಲಿಬಾರ್ ಎಂದರೆ ಸುಮಾರು ಒಂದು ಸೆಂಟಿಮೀಟರ್ ನೀರಿನ ಕಂಬ. ಅಲ್ಲಿ 30 ಮಿಲಿಬಾರಿನ ಗ್ರಿಲ್‌ಗಳೂ ಇವೆ, ಜರ್ಮನಿಯಲ್ಲಿ ಮಾರುವ 50 ಮಿಲಿಬಾರಿನವೂ ಇವೆ; ಎರಡನೆಯ ಬಗೆಯದನ್ನು ನಮ್ಮ ಲೈನಿಗೆ ಹಾಕಿದರೆ ಯಾವ ಭಾಗವೂ ಕೆಟ್ಟಿರದಿದ್ದರೂ ಉರಿ ಸಪ್ಪೆಯಾಗಿಯೇ ಇರುತ್ತದೆ.

ಸಮಸ್ಯೆ ಹುಟ್ಟುವುದು ಪೋರ್ಟಬಲ್ ಗ್ರಿಲ್‌ನ ಸ್ವಂತ ರೆಗ್ಯುಲೇಟರಿನಿಂದ. ಇಂಥ ಗ್ರಿಲ್‌ಗಳನ್ನು ಅಮೆರಿಕದಲ್ಲಿ ಒಂದು ಪೌಂಡಿನ, ಅಂದರೆ ಅರ್ಧ ಕಿಲೋಗಿಂತ ಸ್ವಲ್ಪ ಕಡಿಮೆ ಗ್ಯಾಸ್ ಹಿಡಿಯುವ ಪುಟ್ಟ ಸಿಲಿಂಡರನ್ನು ನೇರವಾಗಿ ತಿರುಗಿಸಿ ಕೂರಿಸುವಂತೆ ಮಾಡಿರುತ್ತಾರೆ. ಆ ಸಿಲಿಂಡರಿನಿಂದ ಬರುವುದು ಪೂರ್ಣ ಒತ್ತಡದ ಗ್ಯಾಸ್. ಆದ್ದರಿಂದ ಗ್ರಿಲ್‌ನ ಮೈಯಲ್ಲಿಯೇ ರೆಗ್ಯುಲೇಟರ್ ಇರುತ್ತದೆ, ಅದರೊಳಗಿನ ರಂಧ್ರವೂ ಹಲವು ಬಾರ್ ಒತ್ತಡದ ಗ್ಯಾಸಿಗೆ ತಕ್ಕಂತೆ ಬಹಳ ಕಿರಿದಾಗಿರುತ್ತದೆ. ವ್ಯಾನಿನ ರೆಗ್ಯುಲೇಟರ್ ಆಗಲೇ ಇಳಿಸಿ ಕಳಿಸಿದ ಗ್ಯಾಸ್ ಈ ಕಿರಿದಾದ ರಂಧ್ರದೆದುರು ಬಂದು ನಿಂತರೆ, ಅದನ್ನು ತೆರೆದು ಮುಚ್ಚುವ ಡಯಾಫ್ರಾಮ್ ಎಂಬ ಪೊರೆ ಪೂರ್ತಿ ತೆರೆದುಕೊಂಡರೂ ಸಾಕಷ್ಟು ಗ್ಯಾಸ್ ದಾಟಲಾರದು. ಆಗ ಜನ ಬರ್ನರನ್ನು ದೂರುತ್ತಾರೆ, ಬರ್ನರಿಗೆ ಗ್ಯಾಸ್ ಚಿಮ್ಮಿಸುವ ಜೆಟ್ಟಿನ ತೂತನ್ನು ಸೂಜಿ ಹಾಕಿ ದೊಡ್ಡದು ಮಾಡಲು ಹೊರಡುತ್ತಾರೆ. ದಯವಿಟ್ಟು ಆ ಕೆಲಸಕ್ಕೆ ಕೈಹಾಕಬೇಡಿ. ಹಾಗೆ ಹಿಗ್ಗಿಸಿದ ಜೆಟ್ಟನ್ನು ಮುಂದೊಂದು ದಿನ ಯಾರಾದರೂ ಸರಿಯಾದ ಒತ್ತಡದ ಗ್ಯಾಸಿಗೆ ಜೋಡಿಸಿದಾಗ ಉರಿ ಎಲ್ಲಿಗೆ ಏರುತ್ತದೆ ಎಂದು ಹೇಳಲಾಗದು.

ನಿಮ್ಮ ಗ್ರಿಲ್ ಯಾವ ಬಗೆಯದು

ಗ್ರಿಲ್ಲನ್ನು ತಿರುವಿ ಹಾಕಿ, ತಳದಲ್ಲೋ ಬೆನ್ನಿನಲ್ಲೋ ಅಂಟಿಸಿರುವ ತಗಡಿನ ಪಟ್ಟಿಯನ್ನು ಮೊದಲು ಓದಿ. ಅದರಲ್ಲಿ ಯಾವ ಗ್ಯಾಸ್, ಎಷ್ಟು ಒತ್ತಡ, ಗಂಟೆಗೆ ಎಷ್ಟು ಬಿಟಿಯು (ಶಾಖದ ಒಂದು ಅಳತೆ) ಅಥವಾ ಎಷ್ಟು ಕಿಲೋವಾಟ್ ಎಂಬುದು ಮುದ್ರಿತವಾಗಿರುತ್ತದೆ. 11 ಇಂಚು, 28 ಮಿಲಿಬಾರ್, 30 ಮಿಲಿಬಾರ್ ಇವುಗಳಲ್ಲಿ ಯಾವುದಾದರೂ ಇದ್ದರೆ ಬರ್ನರ್ ನಿಮ್ಮ ಲೈನಿನ ಒತ್ತಡಕ್ಕೆ ಹೊಂದುತ್ತದೆ ಎಂದರ್ಥ. ಆಮೇಲೆ ರೆಗ್ಯುಲೇಟರ್ ಎಲ್ಲಿದೆ ಎಂದು ಹುಡುಕಿ. ಕೆಲವು ಗ್ರಿಲ್‌ಗಳಲ್ಲಿ ಅದು ಹೊರಗಡೆ ಪ್ರತ್ಯೇಕ ತುಂಡಾಗಿದ್ದು, ಒತ್ತಿ ತಿರುಗಿಸಿದರೆ ಕೈಗೆ ಬರುತ್ತದೆ. ಇದು ಅತ್ಯಂತ ಸುಲಭದ ಸ್ಥಿತಿ: ಅದನ್ನು ತೆಗೆದಿಟ್ಟು, ಅದು ಕೂರುತ್ತಿದ್ದ ಬಾಯಿಗೆ ಹೊಂದುವ ಹೋಸನ್ನು ತಯಾರಕರಿಂದಲೇ ತರಿಸಿಕೊಂಡು ವ್ಯಾನಿನ ಕಡಿಮೆ ಒತ್ತಡದ ಲೈನಿಗೆ ಜೋಡಿಸಿದರೆ ಲೆಕ್ಕ ಸರಿಹೋಗುತ್ತದೆ.

ಇನ್ನು ಕೆಲವು ಗ್ರಿಲ್‌ಗಳಲ್ಲಿ ರೆಗ್ಯುಲೇಟರ್ ಮತ್ತು ಉರಿ ಹೆಚ್ಚುಕಡಿಮೆ ಮಾಡುವ ನಾಬ್ ಒಂದೇ ಅಚ್ಚಿನಲ್ಲಿ ಇರುತ್ತವೆ. ಅದನ್ನು ಬಿಚ್ಚಿದರೆ ನಾಬೇ ಇಲ್ಲದ ಗ್ರಿಲ್ ಉಳಿಯುತ್ತದೆ. ಕಡಿಮೆ ಒತ್ತಡಕ್ಕೆಂದೇ ಅದೇ ತಯಾರಕರು ಕೊಡುವ ಬದಲಿ ವಾಲ್ವ್ ಸಿಕ್ಕರೆ ಸರಿ, ಸಿಗದಿದ್ದರೆ ಈ ಬಗೆಯ ಗ್ರಿಲ್ಲನ್ನು ವ್ಯಾನಿನ ಲೈನಿಗೆ ಜೋಡಿಸುವ ಆಸೆಯನ್ನು ಬಿಡುವುದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಅಮೆರಿಕದಲ್ಲಿ ಇಂಥವರು ವ್ಯಾನಿನ ರೆಗ್ಯುಲೇಟರಿಗಿಂತ ಮುಂಚೆಯೇ, ಸಿಲಿಂಡರಿನ ಹತ್ತಿರ ಒಂದು ಟೀ (ಲೈನನ್ನು ಎರಡು ಕವಲಾಗಿಸುವ T ಆಕಾರದ ತುಂಡು) ಹಾಕಿ, ಪೂರ್ಣ ಒತ್ತಡ ತಡೆಯುವ ಹೋಸಿನಿಂದ ಗ್ಯಾಸನ್ನು ಗ್ರಿಲ್‌ನ ಸ್ವಂತ ರೆಗ್ಯುಲೇಟರಿಗೆ ಒಯ್ಯುತ್ತಾರೆ. ಅಲ್ಲಿಯೂ ಒತ್ತಡ ಇಳಿಯುವುದು ಒಂದೇ ಸಲವಾದ್ದರಿಂದ ಲೆಕ್ಕ ತಪ್ಪಿಲ್ಲ. ಆದರೆ ನಮ್ಮ ಸಿಲಿಂಡರಿನ ವಾಲ್ವ್ ಒತ್ತಿ ಕೂರಿಸುವ ರೆಗ್ಯುಲೇಟರಿಗೆಂದು ಮಾಡಿದ್ದು, ಅದಕ್ಕೆ ಅಂಥ ಟೀ ಸಲೀಸಾಗಿ ಹೊಂದುವುದಿಲ್ಲ. ಹೊಂದಿಸಿಕೊಡುತ್ತೇವೆ ಎಂದು ಲೇತ್ ಮೇಲೆ ತುಂಡು ಕಡೆದುಕೊಡುವವರು ಪೀಣ್ಯದಲ್ಲಿ ಸಿಗಬಹುದು, ಆದರೆ ಪೂರ್ಣ ಒತ್ತಡದ ಗ್ಯಾಸನ್ನು ಪರೀಕ್ಷೆಯಾಗದ ತುಂಡಿಗೆ ಒಪ್ಪಿಸುವುದು ಸಲ್ಲದು. ಅದೇ ರೀತಿ, ಹೋಟೆಲಿನ ದೊಡ್ಡ ಒಲೆಗಳಿಗೆ ಬಳಸುವ, ತಿರುಗಿಸಿ ಒತ್ತಡ ಏರಿಸುವ ಹೈ ಪ್ರೆಶರ್ ರೆಗ್ಯುಲೇಟರನ್ನು ವ್ಯಾನಿನ ಲೈನಿಗೆ ಯಾವ ಕಾರಣಕ್ಕೂ ಹಾಕಬೇಡಿ. ಗ್ರಿಲ್‌ನ ಉರಿ ಜೋರಾಗಬಹುದು, ಆದರೆ ಅದೇ ಲೈನಿನಲ್ಲಿರುವ ಒಳಗಿನ ಒಲೆಯ ವಾಲ್ವ್‌ಗಳು ಆ ಒತ್ತಡಕ್ಕೆ ಮಾಡಿದವಲ್ಲ.

ಯಾವ ಸಿಲಿಂಡರ್

ಮನೆಯ 14.2 ಕಿಲೋ ಸಿಲಿಂಡರನ್ನು ವ್ಯಾನಿಗೆ ಎತ್ತಿಹಾಕಿಕೊಳ್ಳುವುದು ಸುಲಭ, ಆದರೆ ಅದನ್ನು ಕೊಟ್ಟಿರುವುದು ನೋಂದಾಯಿತ ವಿಳಾಸದ ಮನೆಯ ಅಡುಗೆಗೆ. ವ್ಯಾನಿಗೆ ಹೊಂದುವುದು 5 ಕಿಲೋ ಸಿಲಿಂಡರ್. ಮುಕ್ತ ಮಾರಾಟದ ಈ ಸಿಲಿಂಡರನ್ನು ಇಂಡೇನ್ 'ಛೋಟು' ಎಂಬ ಹೆಸರಿನಲ್ಲಿ ಮಾರುತ್ತದೆ, ಗುರುತಿನ ಚೀಟಿ ತೋರಿಸಿದರೆ ವಿಳಾಸದ ದಾಖಲೆಯಿಲ್ಲದೆಯೂ ಸಿಗುತ್ತದೆ. ಅದರ ವಾಲ್ವಿಗೆ ಹೊಂದುವ ರೆಗ್ಯುಲೇಟರನ್ನು ಅದೇ ಏಜೆನ್ಸಿಯಲ್ಲಿ ಕೇಳಿ ತೆಗೆದುಕೊಳ್ಳಿ. ಗಂಟೆಗೆ 12,000 ಬಿಟಿಯು ಗ್ರಿಲ್ ಪೂರ್ತಿ ಉರಿಯಲ್ಲಿ ಗಂಟೆಗೆ ಸುಮಾರು 275 ಗ್ರಾಂ ಗ್ಯಾಸ್ ಸುಡುತ್ತದೆ, ಅಂದರೆ ತುಂಬಿದ 5 ಕಿಲೋ ಸಿಲಿಂಡರ್ 18 ಗಂಟೆಯಷ್ಟು ಬರುತ್ತದೆ; ವಾರಾಂತ್ಯಕ್ಕೆ ಬೇಕಾದಷ್ಟಾಯಿತು. ಗಲ್ಲಿಯ ಅಂಗಡಿಗಳಲ್ಲಿ ದೊಡ್ಡ ಸಿಲಿಂಡರಿನಿಂದ ಸಣ್ಣದಕ್ಕೆ ಗ್ಯಾಸ್ ಇಳಿಸಿಕೊಡುವವರ ಹತ್ತಿರ ಮಾತ್ರ ಹೋಗಬೇಡಿ. ಅದು ಕಾನೂನುಬಾಹಿರ ಎಂಬುದು ಒಂದು ಕಡೆ. ಸಿಲಿಂಡರಿನೊಳಗೆ ದ್ರವ ಹಿಗ್ಗಲು ಬಿಡಬೇಕಾದ ಜಾಗವನ್ನೂ ಅಳತೆಯಿಲ್ಲದೆ ತುಂಬಿಬಿಡುತ್ತಾರೆ ಎಂಬುದು ಅದಕ್ಕಿಂತ ದೊಡ್ಡ ಮಾತು.

ಸಿಲಿಂಡರ್ ಯಾವಾಗಲೂ ನೆಟ್ಟಗೆ ನಿಂತಿರಬೇಕು, ಪಟ್ಟಿಯಿಂದ ಬಿಗಿದಿರಬೇಕು. ಮಲಗಿಸಿದರೆ ಆವಿಯ ಬದಲು ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ. ಅದನ್ನು ಇಡುವ ಕಪಾಟು ವಾಸದ ಜಾಗದಿಂದ ಪ್ರತ್ಯೇಕವಾಗಿದ್ದು, ತಳದಲ್ಲಿ ಹೊರಗಾಳಿಗೆ ತೆರೆದ ಕಿಂಡಿ ಇರಬೇಕು, ಏಕೆಂದರೆ ಎಲ್‌ಪಿಜಿ ಆವಿ ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದರೆ ಮೇಲೇರಿ ಹೋಗದೆ ನೆಲದ ಮಟ್ಟದಲ್ಲಿ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ಬಾಡಿಗೆ ವ್ಯಾನಾದರೆ ಮಾಲೀಕರ ಒಪ್ಪಿಗೆಯಿಲ್ಲದೆ ಲೈನಿನಲ್ಲಿ ಒಂದು ನಟ್ಟನ್ನೂ ಸಡಿಲಿಸಬೇಡಿ.

ಸಾಮಾನು ಮತ್ತು ಥ್ರೆಡ್

ವ್ಯಾನಿನ ಲೈನಿಗೆ ಹೊಸ ಕವಲು ತೆಗೆಯುವ ಕೆಲಸವನ್ನು ಗ್ಯಾಸ್ ಲೈನಿನ ಕೆಲಸ ಬಲ್ಲವರಿಂದ ಮಾಡಿಸಿ. ಏನು ಮಾಡಿಸಬೇಕು ಎಂಬುದನ್ನು ಮಾತ್ರ ನೀವು ತಿಳಿದಿರಬೇಕು: ರೆಗ್ಯುಲೇಟರ್ ದಾಟಿದ ಮೇಲಿನ ಲೈನಿನಲ್ಲಿ ಒಂದು ಟೀ, ಅಲ್ಲಿಂದ ವ್ಯಾನಿನ ಹೊರಮೈಗೆ ಬರುವ ತಾಮ್ರದ ಪೈಪ್, ಅದರ ತುದಿಗೆ ಗ್ಯಾಸಿಗೆಂದೇ ಮಾಡಿದ ಬಾಲ್ ವಾಲ್ವ್, ಅದರ ಮುಂದೆ ಹೋಸನ್ನು ಸ್ಪ್ಯಾನರ್ ಇಲ್ಲದೆ ಕೂರಿಸಿ ಕಳಚಬಹುದಾದ ಕ್ವಿಕ್ ಕನೆಕ್ಟ್ ಸಾಕೆಟ್. ಹೋಸ್ ಕೂರದೆ ವಾಲ್ವ್ ತೆರೆಯದಂತೆ, ವಾಲ್ವ್ ಮುಚ್ಚದೆ ಹೋಸ್ ಬಿಡದಂತೆ ತಡೆಯಿರುವ ಸಾಕೆಟ್ ಸಿಕ್ಕರೆ ಸ್ವಲ್ಪ ದುಬಾರಿಯಾದರೂ ಅದನ್ನೇ ಹಾಕಿಸಿ. ಕಂಪ್ರೆಸರಿನ ಗಾಳಿಗೆ ಬಳಸುವ ಕ್ವಿಕ್ ಕಪ್ಲರ್ ನೋಡಲು ತದ್ವತ್ ಹೀಗೆಯೇ ಇರುತ್ತದೆ, ಬೆಲೆಯೂ ಕಡಿಮೆ; ಆದರೆ ಅದರೊಳಗಿನ ರಬ್ಬರ್ ಎಲ್‌ಪಿಜಿಗೆ ತಕ್ಕದ್ದೆಂಬ ಭರವಸೆಯಿಲ್ಲ.

ಎಸ್.ಜೆ.ಪಿ. ರಸ್ತೆಯಲ್ಲಿ ಹಿತ್ತಾಳೆ ಫಿಟ್ಟಿಂಗ್ ಅಂಗಡಿಗಳು ಸಾಲಾಗಿವೆ, ಅಲ್ಲಿ ಸಿಗದ ತುಂಡು ಅಪರೂಪ. ತೊಂದರೆ ಇರುವುದು ಥ್ರೆಡ್‌ನಲ್ಲಿ, ಅಂದರೆ ತುಂಡುಗಳನ್ನು ತಿರುಗಿಸಿ ಕೂರಿಸುವ ಸುತ್ತುಗಳಲ್ಲಿ. ಅಮೆರಿಕದ ಗ್ರಿಲ್ ಮತ್ತು ಕ್ಯಾಂಪರ್ ಫಿಟ್ಟಿಂಗ್‌ಗಳಲ್ಲಿ ಬರುವ ಕೊಳವೆ ಥ್ರೆಡ್ ಎನ್‌ಪಿಟಿ ಎಂಬ ಅಮೆರಿಕದ ಮಾನದ್ದು, ನಮ್ಮ ಅಂಗಡಿಗಳಲ್ಲಿ ಕೇಳದೆ ಕೊಡುವುದು ಬಿಎಸ್‌ಪಿ ಎಂಬ ಬ್ರಿಟಿಷ್ ಮಾನದ್ದು.

"ಅಣ್ಣಾ, ಇದು ಬಿಎಸ್‌ಪಿನಾ, ಎನ್‌ಪಿಟಿನಾ?" ಎಂದು ಕೇಳಿದರೆ, "ಕಾಲಿಂಚು ಅಂದ್ರೆ ಕಾಲಿಂಚೇ ಸಾರ್, ಟೇಪ್ ಸುತ್ತಿ ಟೈಟ್ ಮಾಡ್ಕೊಳ್ಳಿ" ಎಂಬ ಉತ್ತರ ಬರುವುದುಂಟು. ನಂಬಬೇಡಿ. ಕಾಲಿಂಚಿನ ಬಿಎಸ್‌ಪಿಯಲ್ಲಿ ಒಂದು ಇಂಚಿಗೆ 19 ಸುತ್ತು, ಎನ್‌ಪಿಟಿಯಲ್ಲಿ 18. ಸುತ್ತಿನ ಕೋನವೂ ಬೇರೆ. ಒಂದರೊಳಗೆ ಇನ್ನೊಂದನ್ನು ಕೂರಿಸಿದರೆ ಮೊದಲ ಒಂದೆರಡು ಸುತ್ತು ಬೆರಳಿನಲ್ಲಿಯೇ ಹಿತವಾಗಿ ಹೋಗುತ್ತದೆ, ಆಮೇಲೆ ಹಿಡಿದುಕೊಳ್ಳುತ್ತದೆ. ಸ್ಪ್ಯಾನರ್ ಹಾಕಿ ಒತ್ತಿದರೆ ಇನ್ನರ್ಧ ಸುತ್ತು ಹೋಗಿ ಬಿಗಿಯಾದಂತೆಯೂ ತೋರುತ್ತದೆ. ಬಿಚ್ಚಿ ನೋಡಿದರೆ ಹಿತ್ತಾಳೆಯ ಸುತ್ತಿನ ತುದಿ ಕೊರೆದು ಹೊಳೆಯುತ್ತಿರುತ್ತದೆ. ಇಂಥ ಜೋಡಣೆ ಮನೆಯ ಮುಂದೆ ನಿಂತಾಗ ಸೋರದಿದ್ದರೂ ಶಿರಾಡಿ ಘಾಟಿಯ ಕುಲುಕಾಟದ ನಂತರ ಸೋರಬಹುದು. ಹಾಗಾಗಿ ಗ್ರಿಲ್‌ನ ಫಿಟ್ಟಿಂಗನ್ನೇ ಅಂಗಡಿಗೆ ಒಯ್ದು, ಎರಡು ಮಾನಗಳ ನಡುವಿನ ಅಡಾಪ್ಟರ್ ಕೇಳಿ, ಕೊನೆಯವರೆಗೂ ಬೆರಳಿನಲ್ಲಿ ತಿರುಗಿಸಿ ನೋಡಿ ಕೊಳ್ಳಿ.

ಗ್ರಿಲ್‌ನ ಕಡೆಗಿರುವ ತುದಿ ಬಹುಪಾಲು 3/8 ಇಂಚಿನ ಫ್ಲೇರ್ ಆಗಿರುತ್ತದೆ. ಫ್ಲೇರ್ ಎಂದರೆ ತುತ್ತೂರಿಯ ಬಾಯಿಯಂತೆ ಅಗಲಿಸಿದ ಲೋಹ ಇನ್ನೊಂದು ಇಳಿಜಾರು ಲೋಹದ ಮೇಲೆ ಕೂತು ತಾನೇ ಗ್ಯಾಸನ್ನು ತಡೆಯುವ ಜೋಡಣೆ. ಇದಕ್ಕೆ ಟೇಪ್ ಸುತ್ತಬಾರದು. ಸುತ್ತಿದರೆ ಲೋಹಕ್ಕೆ ಲೋಹ ಕೂರುವುದಕ್ಕೇ ಅಡ್ಡಿ. ಟೇಪ್ ಬೇಕಾದದ್ದು ತುದಿಯ ಕಡೆಗೆ ಕಿರಿದಾಗುತ್ತ ಹೋಗುವ ಕೊಳವೆ ಥ್ರೆಡ್ಡಿಗೆ ಮಾತ್ರ, ಅದೂ ನಲ್ಲಿಗೆ ಸುತ್ತುವ ತೆಳ್ಳನೆಯ ಬಿಳಿ ಟೇಪ್ ಅಲ್ಲ, ಗ್ಯಾಸಿಗೆಂದು ಬರುವ ದಪ್ಪನೆಯ ಹಳದಿ ಟೇಪ್. ಮೊದಲ ಸುತ್ತನ್ನು ಬಿಟ್ಟು ಸುತ್ತಿದರೆ ಟೇಪಿನ ಚೂರು ಲೈನಿನೊಳಗೆ ಹೋಗಿ ಜೆಟ್ಟಿಗೆ ಸಿಕ್ಕಿಕೊಳ್ಳುವುದಿಲ್ಲ. ಬಿಗಿಯುವಾಗ ಎರಡು ಸ್ಪ್ಯಾನರ್ ಹಿಡಿಯಿರಿ, ಒಂದು ತಡೆಯಲು, ಒಂದು ತಿರುಗಿಸಲು. ಒಂದೇ ಸ್ಪ್ಯಾನರಿನಲ್ಲಿ ಎಳೆದರೆ ಹಿಂದಿರುವ ತಾಮ್ರದ ಪೈಪ್ ತಿರುಚಿಕೊಳ್ಳುತ್ತದೆ.

ಹೋಸ್ ಎಲ್‌ಪಿಜಿಗೆಂದು ಮಾಡಿದ್ದೇ ಆಗಿರಬೇಕು, ಮೈಮೇಲೆ ಐಎಸ್ 9573 ಎಂಬ ಮುದ್ರೆಯೂ ತಯಾರಾದ ವರ್ಷವೂ ಇರಬೇಕು. ಗಿಡಕ್ಕೆ ನೀರು ಹಾಯಿಸುವ ಪೈಪ್ ಎಷ್ಟೇ ಗಟ್ಟಿಯಾಗಿ ಕಂಡರೂ ಬೇಡ. ಉದ್ದ ಸಾಲದಿದ್ದರೆ ಎರಡು ತುಂಡು ಸೇರಿಸದೆ, ಎರಡೂ ತುದಿಗೆ ಕಾರ್ಖಾನೆಯಲ್ಲಿಯೇ ಫಿಟ್ಟಿಂಗ್ ಒತ್ತಿ ಕೂರಿಸಿದ ಒಂದೇ ಉದ್ದನೆಯ ಹೋಸ್ ತರಿಸಿ.

ಒತ್ತಡ ನೋಡುವುದು, ಸೋರಿಕೆ ನೋಡುವುದು

ಗ್ರಿಲ್ ಜೋಡಿಸುವ ಮುಂಚೆ ಲೈನಿನ ಒತ್ತಡವನ್ನು ಅಳೆದು ನೋಡುವಂತೆ ಕೆಲಸ ಮಾಡಿದವರನ್ನೇ ಕೇಳಿ. ದುಬಾರಿ ಮೀಟರ್ ಬೇಕಿಲ್ಲ. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪನ್ನು ಒಂದೊಂದು ಮೀಟರ್ ಎತ್ತರದ ಎರಡು ಕಾಲು ಬರುವಂತೆ ಹಲಗೆಗೆ ಕಟ್ಟಿ, ಅರ್ಧದವರೆಗೆ ನೀರು ತುಂಬಿ, ಒಂದು ತುದಿಯನ್ನು ಹೊರಗಿನ ಸಾಕೆಟ್ಟಿಗೆ ಬಿಗಿಯಾಗಿ ಸೇರಿಸಿ, ಇನ್ನೊಂದನ್ನು ತೆರೆದಿಡಬೇಕು. ಸುತ್ತಮುತ್ತ ಎಲ್ಲಿಯೂ ಬೆಂಕಿ ಇರಬಾರದು, ಒಳಗಿನ ಒಲೆಯೂ ಆರಿರಬೇಕು. ವಾಲ್ವನ್ನು ಬಹಳ ನಿಧಾನವಾಗಿ ತೆರೆದಾಗ ಒಂದು ಕಾಲಿನ ನೀರು ಇಳಿದು ಇನ್ನೊಂದರದು ಏರುತ್ತದೆ. ಎರಡು ಮಟ್ಟಗಳ ನಡುವಿನ ಅಂತರ 30 ಸೆಂಟಿಮೀಟರಿನ ಆಸುಪಾಸಿನಲ್ಲಿದ್ದರೆ ರೆಗ್ಯುಲೇಟರ್ ಸರಿಯಾಗಿದೆ. ಗ್ಯಾಸ್ ಹರಿಯದೆ ನಿಂತಿರುವಾಗ ಒಂದೆರಡು ಸೆಂಟಿಮೀಟರ್ ಹೆಚ್ಚು ತೋರಿಸುವುದು ಸಹಜ. ನೀರು ನಿಲ್ಲದೆ ಏರುತ್ತಲೇ ಹೋದರೆ ಆ ಕ್ಷಣವೇ ಮುಚ್ಚಿ, ರೆಗ್ಯುಲೇಟರ್ ಬದಲಿಸಿ. ಈ ಪ್ರಯೋಗ ರೆಗ್ಯುಲೇಟರ್ ದಾಟಿದ ಲೈನಿನಲ್ಲಿ ಮಾತ್ರ, ಸಿಲಿಂಡರಿನ ಬಾಯಿಯಲ್ಲಿ ಅಲ್ಲವೇ ಅಲ್ಲ.

ಆಮೇಲೆ ಹೋಸ್ ಮತ್ತು ಗ್ರಿಲ್ ಜೋಡಿಸಿ, ಗ್ರಿಲ್‌ನ ನಾಬ್ ಮುಚ್ಚಿಟ್ಟು, ಸಿಲಿಂಡರ್ ಮತ್ತು ಹೊರಗಿನ ವಾಲ್ವ್ ತೆರೆದು, ಪಾತ್ರೆ ತೊಳೆಯುವ ಲಿಕ್ವಿಡ್ ಕಲಸಿದ ನೀರನ್ನು ಪ್ರತಿಯೊಂದು ಜೋಡಣೆಗೂ ಬ್ರಷ್‌ನಿಂದ ಹಚ್ಚಿ. ದೊಡ್ಡ ಸೋರಿಕೆ ತಕ್ಷಣ ನೊರೆ ಎಬ್ಬಿಸುತ್ತದೆ, ಸಣ್ಣ ಸೋರಿಕೆ ಸಾಸಿವೆಯಷ್ಟು ಗುಳ್ಳೆಗಳನ್ನು ಒಂದರ ಪಕ್ಕ ಒಂದರಂತೆ ನಿಧಾನವಾಗಿ ಕಟ್ಟುತ್ತದೆ. ಆದ್ದರಿಂದ ಹಚ್ಚಿದ ಮೇಲೆ ಒಂದೆರಡು ನಿಮಿಷ ಅಲ್ಲೇ ಕಣ್ಣಿಟ್ಟು ಕೂರಬೇಕು. ಬೆಂಕಿಕಡ್ಡಿ ಹಿಡಿದು ನೋಡುವ ಹಳೆಯ ಅಭ್ಯಾಸ ಯಾರಿಗಾದರೂ ಇದ್ದರೆ ಅವರನ್ನು ಈ ಕೆಲಸದಿಂದ ದೂರವಿಡಿ. ಈ ಸೋಪಿನ ಪರೀಕ್ಷೆ ಮೊದಲ ದಿನಕ್ಕೆ ಮುಗಿಯುವುದಿಲ್ಲ, ಘಟ್ಟದ ರಸ್ತೆ ದಾಟಿ ಊರು ಸೇರಿದ ಪ್ರತಿ ಸಲವೂ ಮಾಡಬೇಕು.

ಹಚ್ಚುವುದು, ಆರಿಸುವುದು

ಗ್ರಿಲ್ಲನ್ನು ವ್ಯಾನಿನಿಂದ ಮೂರು ಮೀಟರಾದರೂ ದೂರ, ಗಾಳಿ ವ್ಯಾನಿನ ಕಡೆಗೆ ಬೀಸದ ದಿಕ್ಕಿನಲ್ಲಿ, ಸಮತಟ್ಟಾದ ನೆಲದ ಮೇಲೆ ಇಡಿ. ವ್ಯಾನಿನ ಪಕ್ಕಕ್ಕೆ ಎಳೆಯುವ ಬಟ್ಟೆಯ ಚಪ್ಪರದಡಿ ಬೇಡ. ಮಳೆ ಬಂದಿತೆಂದು ವ್ಯಾನಿನೊಳಗಂತೂ ಬೇಡ, ಅಲ್ಲಿ ಬೆಂಕಿಯ ಜೊತೆಗೆ ಕಾರ್ಬನ್ ಮೊನಾಕ್ಸೈಡಿನ ಅಪಾಯವೂ ಇದೆ. ಹೋಸ್ ಯಾರ ಕಾಲಿಗೂ ತೊಡರಬಾರದು, ಗ್ರಿಲ್‌ನ ಬಿಸಿ ತಳವನ್ನು ಮುಟ್ಟಬಾರದು. ಬಂಡೀಪುರದಂಥ ಅರಣ್ಯದ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಒಲೆ ಹಚ್ಚುವಂತಿಲ್ಲ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಮುಚ್ಚಳ ತೆರೆದಿಟ್ಟೇ ಹಚ್ಚಬೇಕು. ಸಿಲಿಂಡರ್, ಆಮೇಲೆ ಹೊರಗಿನ ವಾಲ್ವ್, ಕೊನೆಗೆ ಗ್ರಿಲ್‌ನ ನಾಬ್, ಇದು ತೆರೆಯುವ ಕ್ರಮ. ಹೋಸಿನೊಳಗಿನ ಗಾಳಿ ಹೊರಬರುವವರೆಗೆ ಮೊದಲ ಸಲ ಕೆಲವು ಸೆಕೆಂಡು ಹಿಡಿಯಬಹುದು. ಐದಾರು ಸೆಕೆಂಡಿನಲ್ಲಿ ಹತ್ತದಿದ್ದರೆ ನಾಬ್ ಮುಚ್ಚಿ, ಐದು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಿ. ಉರಿ ನೀಲಿಯಾಗಿ, ಬರ್ನರಿಗೆ ಅಂಟಿಕೊಂಡು ಬರಬೇಕು. ಪ್ರೊಪೇನಿಗೆಂದೇ ಮಾಡಿದ ಗ್ರಿಲ್‌ಗೆ ಬ್ಯೂಟೇನ್ ಬೆರೆತ ನಮ್ಮ ಗ್ಯಾಸ್ ಕೊಟ್ಟಾಗ ತುದಿಯಲ್ಲಿ ಹಳದಿ ಕಾಣಿಸುವುದುಂಟು. ಬರ್ನರಿನ ಕತ್ತಿನಲ್ಲಿ ಗಾಳಿಯ ಕಿಂಡಿಯನ್ನು ಹೆಚ್ಚುಕಡಿಮೆ ಮಾಡುವ ತಗಡು ಇದ್ದರೆ ಅದನ್ನು ಸ್ವಲ್ಪ ತೆರೆದರೆ ಸರಿಹೋಗುತ್ತದೆ. ಬಹಳ ದಿನ ಅಟ್ಟದ ಮೇಲಿದ್ದ ಗ್ರಿಲ್ ಆದರೆ ಆ ಕೊಳವೆಯೊಳಗೆ ಜೇಡ ಬಲೆ ಕಟ್ಟಿದೆಯೇ ಎಂದೂ ನೋಡಿ. ಬೆಂಗಳೂರಿನ ಚಳಿಗೆ ಈ ಮಿಶ್ರಣದಿಂದ ತೊಂದರೆಯಿಲ್ಲ. ಆದರೆ ಬ್ಯೂಟೇನ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಆವಿಯಾಗುವುದನ್ನು ನಿಲ್ಲಿಸುವುದರಿಂದ ವ್ಯಾನನ್ನು ಲಡಾಖಿಗೆ ಒಯ್ಯುವವರಿಗೆ ಅಲ್ಲಿ ಉರಿ ಕುಗ್ಗುವುದು ಆಶ್ಚರ್ಯವಾಗಬಾರದು.

ಆರಿಸುವುದಕ್ಕೂ ಒಂದು ಕ್ರಮವಿದೆ. ಮೊದಲು ಹೊರಗಿನ ವಾಲ್ವ್ ಮುಚ್ಚಿ, ಹೋಸಿನಲ್ಲಿ ಉಳಿದ ಗ್ಯಾಸ್ ಸುಟ್ಟು ಉರಿ ತಾನಾಗಿ ಆರಲು ಬಿಟ್ಟು, ನಂತರ ಗ್ರಿಲ್‌ನ ನಾಬ್ ಮುಚ್ಚಿ, ಆಮೇಲೆಯೇ ಹೋಸ್ ಕಳಚಿ. ಸಾಕೆಟ್ಟಿಗೂ ಹೋಸಿನ ತುದಿಗೂ ರಬ್ಬರ್ ಮುಚ್ಚಳ ಹಾಕದಿದ್ದರೆ ನಮ್ಮ ರಸ್ತೆಯ ಧೂಳು ಒಳಗೆ ಕೂತು ಮುಂದಿನ ಸಲ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ) ಸರಿಯಾಗಿ ಹಿಡಿಯುವುದಿಲ್ಲ. ಗಾಡಿ ಹೊರಡುವ ಮುಂಚೆ ಸಿಲಿಂಡರಿನ ರೆಗ್ಯುಲೇಟರನ್ನೇ ಆಫ್ ಮಾಡಿರಬೇಕು, ಪೆಟ್ರೋಲ್ ಬಂಕಿಗೆ ಹೋಗುವಾಗಲಂತೂ ಎರಡನೆಯ ಮಾತಿಲ್ಲ.

ಯಾವ ಹಂತದಲ್ಲಾದರೂ ಗ್ಯಾಸಿನ ವಾಸನೆ ಬಂದರೆ ಸ್ವಿಚ್ ಮುಟ್ಟದೆ, ಗಾಡಿ ಸ್ಟಾರ್ಟ್ ಮಾಡದೆ, ಸಿಲಿಂಡರ್ ಆಫ್ ಮಾಡಿ, ಬಾಗಿಲುಗಳನ್ನೆಲ್ಲ ತೆರೆದು ಎಲ್ಲರೂ ದೂರ ಹೋಗಿ ನಿಲ್ಲಬೇಕು. ಎಲ್‌ಪಿಜಿ ಸೋರಿಕೆಗೆಂದೇ ಇರುವ 1906 ಸಂಖ್ಯೆಗೆ ಅಲ್ಲಿಂದ, ಗಾಡಿಯಿಂದ ದೂರದಲ್ಲಿ ನಿಂತು ಕರೆ ಮಾಡಿ. ಹೋಸನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು ಎಂಬುದು ಮನೆಯ ಒಲೆಗೆ ಹೇಳುವ ಲೆಕ್ಕ. ಬಿಸಿಲಿನಲ್ಲಿ ಬಿದ್ದು, ಸುತ್ತಿ ಬಿಚ್ಚಿ ದಣಿಯುವ ಗ್ರಿಲ್ ಹೋಸನ್ನು ಮಡಚಿದಾಗ ಮೈಮೇಲೆ ಸಣ್ಣ ಬಿರುಕು ಕಂಡರೆ ವರ್ಷ ಎಣಿಸದೆ ಅಂದೇ ಬದಲಿಸಿ, ಹಳೆಯದನ್ನು ಮತ್ತೆ ಯಾರೂ ಬಳಸದಂತೆ ಕತ್ತರಿಸಿ ಹಾಕಿ.